ಪದಚರ್ಚೆ: ಗುಜರಿ ಕಾರಿನ ಸೀಟಿನಿಂದ ಮಾಡಿದ ಕುರ್ಚಿ, ಸೋಫಾಗಳನ್ನು ಏನೆಂದು ಕರೆಯಬೇಕು? (ತುರ್ತು)

ಬೆಂಗಳೂರಿನಿಂದ, ಪ್ರಶ್ನೆ:

ಮಾನ್ಯರೆ, ನನ್ನ ಅಕ್ಕನ ಮಗ ತನ್ನ ಗ್ಯಾರೇಜಿನಲ್ಲಿ ಗಿರಾಕಿಗಳು ಕಾಯುತ್ತ ಕೂರಲೆಂದು, ಗುಜರಿಗೆ ಬಂದ ಕಾರುಗಳ ಸೀಟುಗಳನ್ನು ಬಿಚ್ಚಿ ತಂದು, ಕಬ್ಬಿಣದ ಕಾಲುಗಳನ್ನು ಕೂರಿಸಿ ಕುರ್ಚಿ ಮತ್ತು ಸೋಫಾಗಳನ್ನು ಮಾಡಿಕೊಂಡಿದ್ದಾನೆ. ನೋಡಿದವರು ತಮಗೂ ಬೇಕೆಂದು ಕೇಳತೊಡಗಿದ್ದರಿಂದ ಈಗ ಪಕ್ಕದ ಷೆಡ್ಡಿನಲ್ಲಿ ಅವನ್ನು ಮಾರಾಟಕ್ಕಿಡುತ್ತಿದ್ದಾನೆ. ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು, ಆ ಕನ್ನಡವೂ ಮೇಲ್ಭಾಗದಲ್ಲಿರಬೇಕು ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುವುದರಿಂದ, ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬರೆಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಬೋರ್ಡು ಬರೆಯುವವರು ನಾಳೆ ಸಂಜೆ ಬರುತ್ತಾರೆ.

ಇದರೊಂದಿಗೆ, ತಾವೇ ಮಾಡಿಕೊಳ್ಳಬಯಸುವವರಿಗೆ ಕೊಡುವ ಒಂದು ಪುಟದ ಸೂಚನೆಯನ್ನೂ ನಾನು ಅನುವಾದಿಸಬೇಕಾಗಿದೆ. ಅದರ ಸಾರ ಹೀಗಿದೆ: ಕಾರಿನ ನೆಲ ಸಮತಟ್ಟಾಗಿರುವುದಿಲ್ಲವಾದ್ದರಿಂದ ಸೀಟಿನ ಬೋಲ್ಟುಗಳು ಕೂರುವ ಜಾಗಗಳೂ ಒಂದೇ ಎತ್ತರದಲ್ಲಿರುವುದಿಲ್ಲ, ಹಾಗಾಗಿ ಚೌಕ ಪೈಪಿನ ಚೌಕಟ್ಟನ್ನು ಮೊದಲು ಆ ಏರುತಗ್ಗಿಗೆ ಹೊಂದಿಸಿ ಬೆಸೆಯಬೇಕು. ಕೂರುವ ಎತ್ತರ 40ರಿಂದ 45 ಸೆಂಟಿಮೀಟರಿಗೆ ಬರಬೇಕು. ಬೆನ್ನೊರಗಿಸಿದಾಗ ಭಾರ ಹಿಂದಕ್ಕೆ ಸರಿದು ಸೀಟು ಮಗುಚುವುದರಿಂದ ಹಿಂಗಾಲುಗಳು ಬೆನ್ನಿನಿಂದಾಚೆಗೆ ಚಾಚಿರಬೇಕು. ಸೀಟು ಹಿಂದೆ ಮುಂದೆ ಸರಿಯುವ ಕಂಬಿ, ಬೆನ್ನನ್ನು ಒರಗಿಸುವ ಲಿವರ್, ತಲೆಯ ಆಸರೆ ಮತ್ತು ಏರ್‌ಬ್ಯಾಗ್, ಈ ನಾಲ್ಕಕ್ಕೆ ಹಾಗೂ ಫಲಕದ ಹೆಸರಿಗೆ ಪದಗಳು ಬೇಕು.

ಧಾರವಾಡದಿಂದ:

ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ. ‘ಪೀಠೋಪಕರಣ’ ಎಂಬ ಪದ ನಿಘಂಟುಗಳಲ್ಲಿಯೂ ಇದೆ, ಸರ್ಕಾರಿ ಟೆಂಡರುಗಳಲ್ಲಿಯೂ ಇದೆ. ‘ಮರುಬಳಕೆಯ ಕಾರಾಸನ ಪೀಠೋಪಕರಣಗಳು’ ಎಂದು ಬರೆಸಿ. ಉಳಿದವುಗಳಿಗೆ ಅನುಕ್ರಮವಾಗಿ ಸರಣಪಟ್ಟಿಕೆ, ಅವನತಿದಂಡ, ಶಿರಾಧಾರ ಮತ್ತು ವಾಯುಕೋಶ ಸಾಕು.

ಮೈಸೂರಿನಿಂದ:

‘ಕಾರಾಸನ’ದಲ್ಲಿ ಇಂಗ್ಲಿಷಿಗೂ ಸಂಸ್ಕೃತಕ್ಕೂ ಸವರ್ಣದೀರ್ಘ ಮಾಡಿಸಿರುವುದನ್ನು ಕಂಡರೆ ವ್ಯಾಕರಣಕಾರ ಕೇಶಿರಾಜ, ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟುಹಾಕುವ ಅರಿಸಮಾಸದ ಪ್ರಕರಣವನ್ನೇ ಹೊಸದಾಗಿ ಬರೆಯಬೇಕಾಗಿತ್ತು. ಕಾರಾ ಎಂದರೆ ಸೆರೆಮನೆ ಎಂಬುದು ಧಾರವಾಡದ ಮಹನೀಯರಿಗೆ ತಿಳಿಯದೇನೂ ಇಲ್ಲ. ಕಾರಾಗೃಹದಲ್ಲಿ ಕೂರುವ ಜಾಗಕ್ಕೆ ಆ ಪದವನ್ನು ಮೀಸಲಿಡಬಹುದು. ‘ಅವನತಿದಂಡ’ವೆಂದರಂತೂ ಅಂಗಡಿಯೇ ಅವನತಿಗೆ ಸಾಗಿದಂತಿದೆ.

ಕನ್ನಡದಲ್ಲಿ ಕೂರುವ ವಸ್ತುವಿಗೆ ‘ಮಣೆ’ ಎಂಬ ಹಳೆಯ, ನಮ್ಮದೇ ಆದ ಪದವಿದೆ. ಕಾಲ್ಮಣೆ, ಹಸೆಮಣೆ, ಈಳಿಗೆಮಣೆ ಎಲ್ಲವೂ ಬಳಕೆಯಲ್ಲಿವೆ. ದಿಂಬಿನಂತೆ ಮೆತ್ತಗಿರುವುದಕ್ಕೆ ‘ಮೆತ್ತೆ’ ಇದೆ. ಆದ್ದರಿಂದ ಮೆತ್ತೆಯ ಸೀಟಿಗೆ ‘ಮೆತ್ತೆಮಣೆ’, ಬೆನ್ನು ಒರಗಿಸುವಂಥದ್ದಕ್ಕೆ ‘ಒರಗುಮಣೆ’. ಸಮಾಸಕ್ಕೆ ಯಾರ ಅಡ್ಡಿಯೂ ಇಲ್ಲ, ಮಹಾಪ್ರಾಣವೂ ಇಲ್ಲ. ಕಾರಿನ ಸೀಟು ನೆಲಕ್ಕೆ ಹತ್ತಿರವಿರುವುದರಿಂದ ಮಣೆ ಎಂಬುದು ಅದಕ್ಕೆ ಎಲ್ಲ ರೀತಿಯಿಂದಲೂ ಒಪ್ಪುತ್ತದೆ.

ಶಿವಮೊಗ್ಗದಿಂದ:

ಪ್ರಶ್ನೆಯನ್ನು ಓದದೆ ಉತ್ತರಿಸುವ ಅಭ್ಯಾಸ ಈ ಚರ್ಚಾಗುಂಪಿನಲ್ಲಿ ಬೆಳೆಯುತ್ತಿದೆ. ಸೀಟನ್ನು ಮೊಣಕಾಲೆತ್ತರಕ್ಕೆ ಏರಿಸುತ್ತಿದ್ದೇವೆ ಎಂದು ಅವರು ಸೆಂಟಿಮೀಟರ್ ಸಹಿತ ಬರೆದಿರುವಾಗ ಅದನ್ನು ಮಣೆ ಎಂದು ಕೆಳಗಿಳಿಸುವುದೇಕೆ? ‘ಒರಗುಮಣೆ’ ಎಂಬ ಫಲಕವನ್ನು ನೋಡಿ ಬರುವವರು ತೆಂಗಿನಕಾಯಿ ತುರಿಯುವ ಮಣೆಯನ್ನು ಕೇಳುತ್ತಾರೆ.

‘ಪೀಠೋಪಕರಣ’ವೂ ಬೇಡ. ಬೀರುವನ್ನೂ ಅಲಮಾರನ್ನೂ ಒಳಗೊಳ್ಳುವ ಆ ಪದ ಇಲ್ಲಿ ಅಗತ್ಯಕ್ಕಿಂತ ಅಗಲವಾಯಿತು. ಇವರು ಮಾರುತ್ತಿರುವುದು ಕುರ್ಚಿ ಮತ್ತು ಸೋಫಾ ಮಾತ್ರ, ಹಾಗೆಂದೇ ಬರೆಯಲಿ. ಪರಭಾಷೆಯೆಂಬ ಆಕ್ಷೇಪ ಬರುವುದು ನನಗೆ ಗೊತ್ತು. ಕುರ್ಚಿ ಅರಬ್ಬಿಯ ‘ಕುರ್ಸೀ’, ಅದೂ ಅರಾಮಿಕ್ ಭಾಷೆಯಿಂದ ಅಲ್ಲಿಗೆ ಬಂದದ್ದು. ಸೋಫಾದ ಮೂಲವೂ ಅರಬ್ಬಿಯೇ. ಅಲಮಾರು ಪೋರ್ಚುಗೀಸರದು. ಇವುಗಳನ್ನೆಲ್ಲ ಹೊರಹಾಕಿದರೆ ಕನ್ನಡಿಗರು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರಬೇಕಾಗುತ್ತದೆ.

ಮೈಸೂರಿನಿಂದ:

ಚಾಪೆಯ ಮೇಲೆ ಕೂತು ಕಾವ್ಯ ಬರೆದವರ ನಾಡು ಇದು. ಎರವಲು ಬಂದದ್ದು ಉಳಿಯಿತೆಂಬುದು ಇನ್ನಷ್ಟು ಎರವಲಿಗೆ ಸಮರ್ಥನೆಯಾಗುವುದಿಲ್ಲ. ನಿಮ್ಮ ತರ್ಕದಂತೆ ನಡೆದರೆ ಕ್ರಿಯಾಪದವೊಂದನ್ನು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಾದ ವಾಕ್ಯವೂ ಕನ್ನಡವೇ.

ಕಲಬುರಗಿಯಿಂದ:

ಇಬ್ಬರೂ ಮುಖ್ಯವಾದ ಪದವನ್ನು ಮುಟ್ಟಿಯೇ ಇಲ್ಲ. ಈ ಸೀಟುಗಳ ವಿಶೇಷ ಅವು ಗುಜರಿಯಿಂದ ಬಂದವು ಎಂಬುದು, ಮತ್ತು ‘ಗುಜರಿ’ ಎಂಬ ಪದವನ್ನು ತಿಪ್ಪೆಯ ಅರ್ಥಕ್ಕೆ ಇಳಿಸಿರುವುದು ಅನ್ಯಾಯ. ಗುಜರಾತಿಗೂ ಇದಕ್ಕೂ ಸಂಬಂಧವಿದೆ ಎಂದು ಹಿಂದೊಮ್ಮೆ ಇಲ್ಲಿಯೇ ಒಬ್ಬರು ಬರೆದಿದ್ದರು; ಅದು ಧ್ವನಿಸಾಮ್ಯದ ಊಹೆ. ಪಾರಸಿಯಲ್ಲಿ ‘ಗುಜರ್’ ಎಂದರೆ ಹಾದುಹೋಗುವುದು, ಜನ ಹಾಯುವ ದಾರಿ. ಅದರಿಂದ ಉರ್ದುವಿನ ‘ಗುಜ್ರೀ’, ಅಂದರೆ ಇಳಿಹೊತ್ತಿನಲ್ಲಿ ದಾರಿಬದಿಯಲ್ಲಿ ನೆರೆಯುವ ಸಂತೆ. ನಮ್ಮ ಕಂದಾಯ ಕಚೇರಿಗಳಲ್ಲಿ ಅರ್ಜಿಯನ್ನು ‘ಗುಜರಾಯಿಸುವುದು’ ಕೂಡ ಇದೇ ಬಳ್ಳಿಯ ಕಾಯಿ. ಕೊಲ್ಲಾಪುರದಲ್ಲಿ ‘ಗುಜರಿ’ ಎಂದರೆ ಚಿನ್ನಬೆಳ್ಳಿಯ ಅಂಗಡಿಗಳ ಬೀದಿ! ಬೆಂಗಳೂರಿನ ಶಿವಾಜಿನಗರಕ್ಕೆ ಬರುವ ಹೊತ್ತಿಗೆ ಆ ಪದ ತುಕ್ಕು ಹಿಡಿದದ್ದು ಪದದ ತಪ್ಪಲ್ಲ. ‘ಗುಜರಿ ಕುರ್ಚಿ’ ಎಂದು ಧೈರ್ಯವಾಗಿ ಬರೆಸಬೇಕು. ಎರಡೂ ಒಂದೇ ದಿಕ್ಕಿನಿಂದ ಬಂದ ಪದಗಳಾದ್ದರಿಂದ ಜೋಡಿಯೂ ಚೆನ್ನಾಗಿದೆ.

ಶಿವಮೊಗ್ಗದಿಂದ:

ಫಲಕ ಓದುವವರು ಪಾರಸಿ ಓದಿರುವುದಿಲ್ಲ. ಇಂದಿನ ಕನ್ನಡದಲ್ಲಿ ಗುಜರಿಗೆ ಹಾಕುವುದೆಂದರೆ ಕೈಬಿಡುವುದು. ಗುಜರಿ ಕುರ್ಚಿ ಎಂದರೆ ಮುರಿದ ಕುರ್ಚಿ ಎಂದೇ ಅರ್ಥವಾಗುತ್ತದೆ, ಅದಕ್ಕೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಬೇಕಾದರೆ ‘ಹಳೆಯ ಕಾರುಗಳಿಂದ ಆಯ್ದ ಸೀಟುಗಳು’ ಎಂದು ಕೆಳಗಿನ ಸಾಲಿನಲ್ಲಿ ಬರೆಸಿ. ಬಿದ್ದದ್ದನ್ನು ಹೆಕ್ಕುವುದೂ ಆಯುವುದೇ, ಒಳ್ಳೆಯದನ್ನು ಬೇರೆ ಮಾಡುವುದೂ ಆಯುವುದೇ. ಎರಡೂ ಇಲ್ಲಿ ನಿಜವಾದ್ದರಿಂದ ಬೇರೆ ವಿಶೇಷಣ ಬೇಡ.

ಮಂಗಳೂರಿನಿಂದ:

ನಾನು ಭಾಷಾಪಂಡಿತನಲ್ಲ, ವಾಹನಗಳ ಕುಷನ್ ಕೆಲಸದವನು. ಫಲಕದ ಹೆಸರು ಏನಾದರೂ ಆಗಲಿ, ಸೂಚನೆಯ ಪುಟದಲ್ಲಿ ‘ವಾಯುಕೋಶ’ ಎಂದಾಗಲಿ ‘ಗಾಳಿಚೀಲ’ ಎಂದಾಗಲಿ ದಯವಿಟ್ಟು ಬರೆಯಬೇಡಿ. ಗಾಳಿಚೀಲ ಎಂದು ಓದಿದವನು ಒಳಗೆ ಗಾಳಿ ತುಂಬಿದ ಮೆತ್ತನೆಯ ಚೀಲವಿದೆ ಎಂದುಕೊಂಡು ಬ್ಲೇಡು ಹಾಕುತ್ತಾನೆ. ಒಳಗಿರುವುದು ಮಡಿಚಿಟ್ಟ ಬಟ್ಟೆ ಮತ್ತು ಅದನ್ನು ಕಣ್ಣು ಮಿಟುಕಿಸುವುದರೊಳಗೆ ಉಬ್ಬಿಸುವ ಸಿಡಿಮದ್ದು. ಈಚಿನ ಕಾರುಗಳಲ್ಲಿ ಮುಂದಿನ ಸೀಟಿನ ಬೆನ್ನಿನ ಹೊರಮಗ್ಗುಲಲ್ಲೇ ಅದು ಹುದುಗಿರುತ್ತದೆ; ಅಲ್ಲಿ ‘ಏರ್‌ಬ್ಯಾಗ್’ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿಯಿರುತ್ತದೆ, ಸೀಟಿನಡಿಯ ಅದರ ಪ್ಲಗ್ಗು ಸಾಮಾನ್ಯವಾಗಿ ಹಳದಿ ಬಣ್ಣದ್ದು. ಓದುಗ ಆ ಚೀಟಿಯನ್ನು ಗುರುತಿಸಬೇಕಾದರೆ ಪುಟದಲ್ಲಿಯೂ ಅದೇ ಹೆಸರು ಇರಬೇಕು. ಬ್ಯಾಟರಿಯ ಸಂಪರ್ಕ ತಪ್ಪಿಸಿ ಕೆಲವು ನಿಮಿಷ ಕಾಯದೆ ಆ ಪ್ಲಗ್ಗನ್ನು ಮುಟ್ಟಬಾರದು, ಅಂಥ ಸೀಟಿನ ಹತ್ತಿರ ಬೆಸುಗೆ ಹಾಕಬಾರದು ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ. ಕಲಿಯುವವರು ಏರ್‌ಬ್ಯಾಗ್ ಇಲ್ಲದ ಹಳೆಯ ಸೀಟುಗಳನ್ನೇ ಆರಿಸಿಕೊಳ್ಳುವುದು ಕ್ಷೇಮ. ಹಳೆಯ ಅಂಬಾಸಿಡರಿನ ಮುಂದಿನ ಸೀಟು ಒಂದೇ ಉದ್ದನೆಯ ಹಲಗೆಯಂತಿದ್ದು, ಸಿಕ್ಕರೆ ಸೋಫಾಕ್ಕೆ ಅದರಷ್ಟು ಒಗ್ಗುವಂಥದ್ದು ಬೇರೆ ಇಲ್ಲ.

ಕಂಬಿಗೆ ‘ಹಳಿ’ ಎನ್ನಿ, ಯಾರಿಗೂ ವಿವರಿಸಬೇಕಾಗಿಲ್ಲ. ಲಿವರಿಗೆ ‘ಒರಗಿಸುವ ಹಿಡಿ’ ಎಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಧಾರವಾಡದಿಂದ:

ಪಾರಿಭಾಷಿಕ ಪದವೆಂಬುದು ಗ್ಯಾರೇಜಿನ ಅಡ್ಡಮಾತಲ್ಲ. ‘ಹಿಡಿ’ಗೆ ಮುಷ್ಟಿ, ಅಳತೆ, ಹೆಣ್ಣಾನೆ ಎಂದು ಮೂರು ಅರ್ಥಗಳು ಮೊದಲೇ ಇರುವಾಗ ನಾಲ್ಕನೆಯದನ್ನು ಹೊರಿಸುವುದು ಶಿಸ್ತಲ್ಲ. ಏರ್‌ಬ್ಯಾಗ್ ವಿಷಯದಲ್ಲಿ ಮಾತ್ರ ನನ್ನ ‘ವಾಯುಕೋಶ’ವನ್ನು ಹಿಂದೆ ಪಡೆದಿದ್ದೇನೆ.

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಫಲಕದ ಮೇಲಿನ ಸಾಲು ‘ಕಾರ್ ಸೀಟ್ ಕುರ್ಚಿ ಮತ್ತು ಸೋಫಾ’, ಕೆಳಗಿನದು ‘ಹಳೆಯ ಕಾರುಗಳಿಂದ ಆಯ್ದ ಸೀಟುಗಳು’ ಎಂದು ನಿರ್ಧರಿಸಿದ್ದೇನೆ. ಸೂಚನೆಯಲ್ಲಿ ಹಳಿ, ಒರಗಿಸುವ ಹಿಡಿ, ಏರ್‌ಬ್ಯಾಗ್ ಹಾಗೆಯೇ ಇರುತ್ತವೆ. ತಲೆಯ ಆಸರೆಗೆ ‘ತಲೆದಿಂಬು’ ಎಂದು ಬರೆದಿದ್ದೇನೆ. ಎಳೆದರೆ ಕೈಗೆ ಬರುವ ವಸ್ತುವಾದ್ದರಿಂದ ಗೊಂದಲವಾಗದು. ‘ಮೆತ್ತೆ’ಯನ್ನು ಸೀಟಿನ ಒಳಗಿನ ಫೋಮಿಗೆ ಬಳಸಿಕೊಂಡಿದ್ದೇನೆ. ಹಳೆಯ ಸೀಟುಗಳಲ್ಲಿ ಫೋಮಿನ ಬದಲು ರಬ್ಬರು ಬೆರೆಸಿದ ತೆಂಗಿನ ನಾರೂ ಸಿಗುವುದರಿಂದ, ಎರಡಕ್ಕೂ ಸಲ್ಲುವ ಪದವೊಂದು ಬೇಕಾಗಿತ್ತು.

ಮೈಸೂರಿನಿಂದ:

ಮೆತ್ತೆ ಉಳಿದದ್ದಕ್ಕೆ ಸಂತೋಷ. ಆದರೆ ‘ಕಾರ್ ಸೀಟ್’ ಎಂದು ಎರಡು ಪದಗಳನ್ನು ವ್ಯಂಜನದಲ್ಲಿ ನಿಲ್ಲಿಸಿ ಕೆಳಗಿನ ಸಾಲಿನಲ್ಲಿ ‘ಕಾರುಗಳಿಂದ’, ‘ಸೀಟುಗಳು’ ಎಂದು ಬರೆಸುವುದು ಒಂದೇ ಫಲಕದಲ್ಲಿ ಎರಡು ವ್ಯಾಕರಣವಾಗುತ್ತದೆ. ಎರವಲು ಪದವೇ ಆಗಲಿ, ಕನ್ನಡಕ್ಕೆ ಬಂದ ಮೇಲೆ ಉಕಾರ ತೊಡಲೇಬೇಕು. ‘ಕಾರು ಸೀಟಿನ ಕುರ್ಚಿ’ ಎಂದು ತಿದ್ದಿಸಿ.

ಬೆಂಗಳೂರಿನಿಂದ:

ತಿದ್ದಿಸಿದ್ದೇನೆ. ಬಣ್ಣ ಇನ್ನೂ ಹಚ್ಚಿರಲಿಲ್ಲ.