ಬಳಚು ಆರಿಸುವ ಹಿನ್ನೀರಿಗೆ ಚರಂಡಿ ಸೇರುತ್ತಿದೆ: ಪರೀಕ್ಷೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಹೊಳೆಬದಿಯವಳು, ಕುಮಟಾ ತಾಲ್ಲೂಕು

ನಮ್ಮ ಮನೆಯ ಹಿಂದೆ ಒಂದು ಸಣ್ಣ ಹಳ್ಳ ಕಡಲನ್ನು ಸೇರುತ್ತದೆ. ಮಳೆಗಾಲ ಕಳೆದ ಮೇಲೆ ಮರಳು ಒತ್ತಿ ಅಳಿವೆಯ ಬಾಯಿ ಕಿರಿದಾಗಿ, ಒಳಗೆ ಹಿನ್ನೀರು ನಿಲ್ಲುತ್ತದೆ. ಅಮ್ಮ ನಲವತ್ತು ವರ್ಷಗಳಿಂದ ಇಳಿತದ ಹೊತ್ತಿಗೆ ಅಲ್ಲಿಯೇ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಾಳೆ. ಎರಡು ಬೇಸಿಗೆಗಳಿಂದ ಅವಳ ಮೊಣಕಾಲಿನ ಕೆಳಗೆ ತುರಿಕೆ ಎದ್ದು ಗಾಯವಾಗುತ್ತಿದೆ. ಚರಂಡಿ ಸೇರುವಲ್ಲಿ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯಂತೆ ನಾರುತ್ತದೆ. ದೂರು ಕೊಟ್ಟಾಗ ಬಂದವರು ಕಡಲ ಅಂಚಿನಿಂದ ಒಂದೇ ಬಾಟಲಿ ನೀರು ಒಯ್ದು, ತೊಂದರೆಯಿಲ್ಲ ಎಂದರು. ನನಗೆ ನಂಬಿಕೆಯಿಲ್ಲ. ಬಾವಿ ನೀರಿಗೆ ಬಳಸುವ, ಒಳಗೆ ಕಾಗದದ ಪಟ್ಟಿಯಿರುವ, ಕೊಳೆಯಿದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿ ಇಲ್ಲಿ ನಡೆಯುತ್ತದೆಯೇ?

ಉತ್ತರ: ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ, ಹೊನ್ನಾವರ

ಆ ಬಾಟಲಿ ಬೇಡ. ಅದು ಕೊಳೆತ ಮೊಟ್ಟೆಯ ನಾತದ ಅನಿಲವಾದ ಹೈಡ್ರೋಜನ್ ಸಲ್ಫೈಡಿಗೆ ಕಪ್ಪಾಗುತ್ತದೆ. ಉಪ್ಪುನೀರಿನಲ್ಲಿ ಸಲ್ಫೇಟ್ ಹೇರಳ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಆ ಅನಿಲ ತಾನಾಗಿಯೇ ಹುಟ್ಟುತ್ತದೆ. ಆದ್ದರಿಂದ ನಾತವೊಂದನ್ನೇ ಸಾಕ್ಷಿಯಾಗಿ ಮುಂದಿಡಬೇಡಿ. ಎದುರಿನವರು ಅಲ್ಲಿಗೇ ಮಾತು ಮುಗಿಸುತ್ತಾರೆ.

ಕಡಲ ಅಂಚಿನ ನೀರಿನಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಅಲೆ ಎಲ್ಲವನ್ನೂ ತೆಳುವಾಗಿಸುತ್ತದೆ, ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ನೀವು ಹಳ್ಳದ ಮೇಲಕ್ಕೆ ನಡೆಯಬೇಕು. ಇಳಿತದ ಕೊನೆಯ ಗಂಟೆ ಬೆಳಗಿನ ಜಾವಕ್ಕೆ ಬರುವ ದಿನ ನೋಡಿಕೊಳ್ಳಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆಂದು ನಿಮ್ಮ ಅಮ್ಮನಿಗೆ ನಾನು ಹೇಳಬೇಕಾಗಿಲ್ಲ. ಚರಂಡಿ, ಕೊಳವೆ, ತೋಡು ಯಾವುದು ಸೇರಿದರೂ ಅದರ ಮೇಲೊಂದು, ಕೆಳಗೊಂದು ಮಾದರಿ ತೆಗೆಯಿರಿ. ಎಲ್ಲಿ ನೀರು ಕೆಡುತ್ತದೋ ಕೊಳೆ ಅಲ್ಲಿಂದಲೇ ಬರುತ್ತಿದೆ.

ಚರಂಡಿಯ ಕೊಳೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ. ಅದು ಉಳಿದಿದೆಯೇ ಎಂದು ನೋಡಲು ಶಾಲೆಯ ಪ್ರಯೋಗಾಲಯ ಸಾಕು. ಗುಳ್ಳೆ ಉಳಿಯದಂತೆ ಗಾಜಿನ ಬಾಟಲಿ ತುಂಬಿ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಹಾಕಿ. ಕಂದು ಮಡ್ಡಿ ಬಂದರೆ ಆಮ್ಲಜನಕವಿದೆ. ಬೆಳ್ಳಗೇ ಉಳಿದರೆ ಇಲ್ಲ. ಎಂಟನೆಯ ತರಗತಿಯ ಮಕ್ಕಳು ನಮ್ಮ ಹಳ್ಳದ ಬಿಳಿ ಬಾಟಲಿಯನ್ನು ಕಂಡು ಮಾತಿಲ್ಲದೆ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕ್ಷಾರ ಸುಡುತ್ತದೆ, ಕೈಗವಸು ಬಿಡಬೇಡಿ.

ಮಲದ ಕೊಳೆಯ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆಗೆ ನೀರು ಪರೀಕ್ಷಿಸುವ ಪ್ರಯೋಗಾಲಯವೇ ಬೇಕು. ಕ್ರಿಮಿಶುದ್ಧ ಬಾಟಲಿಯಲ್ಲಿ ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ಆದಷ್ಟು ಆರು ತಾಸಿನೊಳಗೆ ಮುಟ್ಟಿಸಿ. ಮಲಮೂಲದ ಕೋಲಿಫಾರ್ಮ್ ಜೊತೆಗೆ ಎಂಟೆರೊಕಾಕೈ ಎಂಬ ಕರುಳಿನ ಬ್ಯಾಕ್ಟೀರಿಯಾಗಳ ಎಣಿಕೆಯನ್ನೂ ಕೇಳಿ, ಅವು ಉಪ್ಪುನೀರಿನಲ್ಲಿ ಹೆಚ್ಚು ಕಾಲ ಬದುಕುತ್ತವೆ. ಸ್ನಾನದ ಕಡಲನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ 100 ಮಿ.ಲೀ.ಗೆ 100 ಮಲಮೂಲದ ಕೋಲಿಫಾರ್ಮ್. 2020ರಲ್ಲಿ ನೀಲಿ ಬಾವುಟ (ಸ್ವಚ್ಛ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ನಮ್ಮ ಕಾಸರಕೋಡು ಕಡಲತೀರದಲ್ಲಿ ನೀರಿನ ಪರೀಕ್ಷೆ ನಿಯಮಿತವಾಗಿ ನಡೆಯಲೇಬೇಕು. ಪ್ರವಾಸಿಗರ ಮೈಗೆ ಇರುವ ಈ ಕಾಳಜಿ ಬಳಚು ಆರಿಸುವವರ ಕಾಲಿಗೂ ಸಲ್ಲಬೇಕು.

ಉತ್ತರ: ತದಡಿಯ ಓದುಗ

ಬಳಚು ನೀರು ಸೋಸಿ ತಿನ್ನುವ ಜೀವಿ, ನೀರಿನ ರೋಗಾಣು ಅದರ ಮೈಯಲ್ಲಿ ಗುಡ್ಡೆ ಬೀಳುತ್ತದೆ. ರಾತ್ರಿಯಿಡೀ ನೀರಿನಲ್ಲಿಟ್ಟರೆ ಮರಳು ಹೋದೀತು, ರೋಗಾಣು ಪೂರ್ತಿ ಹೋಗದು. ಫಲಿತಾಂಶ ಬರುವವರೆಗೆ ಚರಂಡಿಯ ಬಾಯಿಯ ಹತ್ತಿರ ಆರಿಸುವುದು ಬೇಡ. ಅಮ್ಮನ ಗಾಯವನ್ನು ವೈದ್ಯರಿಗೆ ತೋರಿಸಿ, ಮಾಸುವವರೆಗೆ ನೀರಿಗೆ ಇಳಿಯಲು ಬಿಡಬೇಡಿ.

ಹೊಳೆಬದಿಯವಳು, ಹನ್ನೆರಡು ದಿನಗಳ ನಂತರ

ಮಾಸ್ತರರೇ, ನಡೆದೆವು. ಅಮ್ಮ ದಂಡೆಯ ಮೇಲೆ, ನಾನು ಬಾಟಲಿ ಹಿಡಿದು ನೀರಿನಲ್ಲಿ. ಪ್ರೌಢಶಾಲೆಯವರು ದ್ರಾವಣ ಕೊಟ್ಟು ಒಬ್ಬ ಶಿಕ್ಷಕರನ್ನೂ ಕಳುಹಿಸಿದರು. ನಾನು ಶಂಕಿಸಿದ್ದ ಪೇಟೆಯ ಚರಂಡಿಗಿಂತ ಮೇಲೆ, ಕಾಲುಸಂಕದ ಕೆಳಗಿನ ಬಾಟಲಿಯೇ ಬೆಳ್ಳಗೆ ಉಳಿಯಿತು. ಸಂಕದ ಮೇಲ್ಬದಿಯದು ಕಂದು. ಅಮ್ಮ ಕೋಲಿನಿಂದ ಕೇದಗೆ ಪೊದೆ ಸರಿಸಿದಾಗ ಮಣ್ಣಿನಲ್ಲಿ ಹುಗಿದ ಕರಿ ಕೊಳವೆ ಕಂಡಿತು. ಅದು ಬರುವುದು ಹೊಸ ವಸತಿಗೃಹದ ಕಡೆಯಿಂದ. ಹೆಸರು ಇಲ್ಲಿ ಬರೆಯುವುದಿಲ್ಲ, ಗ್ರಾಮಸಭೆಯಲ್ಲಿ ಅವರ ಎದುರಿಗೇ ಹೇಳುತ್ತೇನೆ. ನಾಳೆ ಇಳಿತ ಬೆಳಿಗ್ಗೆ ಆರಕ್ಕೆ. ಮಂಜುಗಡ್ಡೆ ಮೀನುಪೇಟೆಯಿಂದ ತಂದಿಟ್ಟಿದ್ದೇನೆ. ನಾಲ್ಕು ಬಾಟಲಿಗಳು ಮೊದಲ ಬಸ್ಸಿಗೆ ಹೊರಡುತ್ತವೆ.