ಸಹಾಯ ಬೇಕು: ಕಥೆ ಹಾಡುವವರು ಗೊತ್ತಿದ್ದರೆ ತಿಳಿಸಿ

ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಾವು ಏಳೆಂಟು ಮನೆಯವರು ಸೇರಿ ಪಾರ್ಕಿನಲ್ಲಿ ಒಂದು ದಿನದ ಕಥೆ ಹಬ್ಬ ಮಾಡುತ್ತಿದ್ದೇವೆ. ಪುಸ್ತಕ ನೋಡಿ ಓದುವುದಲ್ಲ, ಬಾಯಲ್ಲೇ ಹೇಳುವ ಕಥೆ. ಬೆಳಿಗ್ಗೆ ಅಜ್ಜಿಯರು ಮಕ್ಕಳಿಗೆ ಹೇಳುತ್ತಾರೆ. ನಮ್ಮ ಅತ್ತೆಯವರಂತೂ ಈಗಲೇ ಎರಡು ಕಥೆ ರೆಡಿ ಮಾಡಿಕೊಂಡು ಕೂತಿದ್ದಾರೆ.

ತೊಂದರೆ ಇರುವುದು ಸಂಜೆಯದ್ದು. ನಮ್ಮ ಕಡೆಯ ಜನಪದ ಸಂತ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಅಥವಾ ಮಾದಪ್ಪನ (ಮಲೆ ಮಹದೇಶ್ವರನ) ಕಥೆ ಹಾಡುವ ದೇವರಗುಡ್ಡರ ಒಂದು ಮೇಳ ಬೇಕು. ಮಳವಳ್ಳಿ, ಕೊಳ್ಳೇಗಾಲದ ಕಡೆ ಇದ್ದಾರೆ ಅಂತ ಗೊತ್ತು, ಪರಿಚಯ ಯಾರದೂ ಇಲ್ಲ. ಕಂಸಾಳೆ ಕುಣಿತದವರು ಬೇಡ. ಅದು ಚೆಂದವೇ, ಆದರೆ ನಮಗೆ ಕೂತು ಕಥೆ ಹಾಡುವವರೇ ಬೇಕು.

ಇನ್ನೊಂದು ಗೊಂದಲ. ಈ ಕಥೆಗಳು ಸಾಲು ಸಾಲಾಗಿ (ಕಥೆಯ ಒಂದೊಂದು ಭಾಗಕ್ಕೆ ಸಾಲು ಅಂತಾರೆ) ರಾತ್ರಿಯಿಡೀ ನಡೆಯುತ್ತವೆ. ರಾತ್ರಿ 10ರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಅಲ್ವಾ? ನಮಗೆ ಸಿಗುವುದು ಮೂರೇ ಗಂಟೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ (ಕಬ್ಬಿಣದ ಕೆಲಸದವರ) ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗುವ ಸಾಲನ್ನು ಮಾತ್ರ ಹಾಡಿ ಅಂದರೆ ಅವರಿಗೆ ಬೇಜಾರಾಗುತ್ತಾ? ಹಾಡಿಸಿ ಅನುಭವ ಇರುವವರು ಹೇಳಿ.

ಮೈಕಿನ ಬಗ್ಗೆಯೂ ಸಲಹೆ ಬೇಕು. ಹೋದ ವರ್ಷ ಗಣಪತಿ ಕೂರಿಸಿದಾಗ ತಂಬೂರಿ ಪದ ಇಟ್ಟಿದ್ದೆವು. ಸೌಂಡ್ ಜಾಸ್ತಿಯಾಗಿ ಒಂದು ಮಾತೂ ತಿಳಿಯಲಿಲ್ಲ, ಸುಮ್ನೆ ಗದ್ದಲ.

ಸಂಭಾವನೆ ಎಷ್ಟು ಕೊಟ್ಟರೆ ಮರ್ಯಾದೆಯಾಗಿರುತ್ತದೆ ಅಂತಲೂ ತಿಳಿಸಿ. ಚೌಕಾಸಿ ಮಾಡುವುದಿಲ್ಲ. ಬಸ್ ಚಾರ್ಜು, ಊಟ, ಮಲಗಲು ಜಾಗ ನಮ್ಮದೇ.