ಒಣಕಾಳಿನ ಸೂಪ್ ಪೊಟ್ಟಣ ಕೊಳ್ಳಬಹುದೇ?

ಪ್ರಶ್ನೆ (ಧಾರವಾಡ): ರಾಜ್ಮಾ, ಅಲಸಂದಿ, ಹೆಸರು, ಮಸೂರ ಬೇಳೆಗಳನ್ನು ಬೆರೆಸಿ, ಜೊತೆಗೆ ಮಸಾಲೆ ಪುಡಿ ಇಟ್ಟು ಮಾರುವ ಸೂಪ್ ಪೊಟ್ಟಣಗಳು ಕೆಲಸಕ್ಕೆ ಹೋಗುವ ನಮ್ಮಂಥ ಹೆಣ್ಣುಮಕ್ಕಳಿಗೆ ಕೊಟ್ಟ ಹಣಕ್ಕೆ ತಕ್ಕವೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ (ಗದಗ): ಅಕ್ಕಾವರೇ, ನಾನು ಎರಡು ಸಲ ತಂದು ಕೈಬಿಟ್ಟೆ. ಮಸೂರ ಬೇಳೆ ಅರ್ಧ ತಾಸಿನೊಳಗೆ ಕರಗುತ್ತದೆ, ತೆರೆದ ಪಾತ್ರೆಯಲ್ಲಿ ರಾಜ್ಮಾ ಬೇಯಲು ತಾಸಿನ ಮೇಲೆ ಬೇಕು. ಹೀಗಾಗಿ ಒಂದು ಹಿಟ್ಟಾಗುವ ಹೊತ್ತಿಗೂ ಇನ್ನೊಂದು ಗಟ್ಟಿಯಾಗಿಯೇ ಉಳಿದಿರುತ್ತದೆ. ಹೆಸರು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಸಂತೆಯಿಂದ ಬಿಡಿ ಕಾಳು ತಂದು, ರಾತ್ರಿ ನೆನೆಸಿ, ಬೇಯಿಸಿ, ಬೆಳ್ಳುಳ್ಳಿ-ಜೀರಿಗೆಯ ಒಗ್ಗರಣೆ ಕೊಟ್ಟರೆ ಅದಕ್ಕಿಂತ ರುಚಿಯಾದ ಸೂಪ್ ಆಗುತ್ತದೆ.

ಉತ್ತರ (ಹಾವೇರಿ): ಬೆಲೆಗಿಂತ ಉಪ್ಪಿನ ಮಾತು ದೊಡ್ಡದು. ನಮ್ಮ ತಂದೆಯವರಿಗೆ ರಕ್ತದೊತ್ತಡವಿರುವುದರಿಂದ ಸೋಡಿಯಂ ಎಷ್ಟಿದೆಯೆಂದು ಓದದೆ ನಾನು ಕೊಳ್ಳುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಉಪ್ಪು ಮುಂದಿದ್ದರೆ ಬಿಟ್ಟುಬಿಡಿ.

ಉತ್ತರ (ಹುಬ್ಬಳ್ಳಿ): ಮಸಾಲೆಯಿಲ್ಲದ ಬರೀ ಕಾಳಿನ ಮಿಶ್ರಣವಾದರೆ ಒಬ್ಬರೇ ಇರುವವರಿಗೆ ಅನುಕೂಲವೇ. ಆದರೆ ರಾಜ್ಮಾ ಇದ್ದಲ್ಲಿ ಕನಿಷ್ಠ 5 ತಾಸು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 10 ನಿಮಿಷವಾದರೂ ಕೊತಕೊತ ಕುದಿಸಿದ ಮೇಲೆಯೇ ಉರಿ ಸಣ್ಣಗೆ ಮಾಡಿ ಪೂರ್ತಿ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ವಾಂತಿ-ಭೇದಿ ತರುತ್ತದೆ.